ಅರ್ಜೆಂಟೊನ ‘ಡ್ರಾಕುಲಾ’: ಹುಳ ನೋಡಿ ನಕ್ಕು ಸುಮ್ಮನಾಗೋದಾ, ಇಲ್ಲ ಪರದೆಗೆ ಹಾಕೋದಾ?

ರೀಲುಡಬ್ಬಿ (ಕುವೆಂಪುನಗರ)

ಮುಂದಿನ ತಿಂಗಳು ಮೂರು ಶನಿವಾರ ಇಟಲಿಯ ಹಾರರ್ ನಿರ್ದೇಶಕ ಡಾರಿಯೊ ಅರ್ಜೆಂಟೊ ಸಿನಿಮಾ ಹಾಕೋ ಮಾತು ನಡೀತಿದೆ. ಜಾಗ ಸರಸ್ವತಿಪುರಂನಲ್ಲಿ ಒಂದು ಮಹಡಿ ಹಾಲ್, ನಲವತ್ತು ಕುರ್ಚಿ. ‘ಡೀಪ್ ರೆಡ್’ (1975), ‘ಸಸ್ಪೀರಿಯಾ’ (1977) ಈ ಎರಡಕ್ಕೆ ಯಾರದ್ದೂ ತಕರಾರಿಲ್ಲ. ಮೂರನೆಯದಕ್ಕೆ 2012ರ ‘ಡ್ರಾಕುಲಾ ತ್ರೀಡಿ’ ಅಂದಕೂಡಲೇ ಗುಂಪಲ್ಲಿ ಅರ್ಧ ಜನ ಮುಖ ಸಿಂಡರಿಸಿದ್ರು.

ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. ಚೆನ್ನಾಗಿಲ್ಲ. ಆದರೆ ಕೆಟ್ಟಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದಾದ ಸಿನಿಮಾ ಇದು. ಸಾಮಾನ್ಯವಾಗಿ ದೊಡ್ಡ ನಿರ್ದೇಶಕ ಸೋತಾಗ ‘ಹಳೇ ತಂಡ ಇರಲಿಲ್ಲ’ ಅಂತೀವಿ. ಇಲ್ಲಿ ಆ ನೆಪ ನಡೆಯಲ್ಲ. ಕ್ಯಾಮೆರಾ ಲುಚಾನೊ ಟೊವೊಲಿ, ‘ಸಸ್ಪೀರಿಯಾ’ ತೆಗೆದವರೇ. ಸಂಗೀತ ಕ್ಲಾಡಿಯೊ ಸಿಮೊನೆಟ್ಟಿ, ಆಗ ‘ಸಸ್ಪೀರಿಯಾ’ಕ್ಕೆ ಸಂಗೀತ ಕೊಟ್ಟ ‘ಗಾಬ್ಲಿನ್’ ತಂಡದಲ್ಲಿ ಕೀಬೋರ್ಡು ನುಡಿಸ್ತಿದ್ದವರು. ಮೇಕಪ್ ಎಫೆಕ್ಟು ಸೆರ್ಜಿಯೊ ಸ್ಟಿವಲೆಟ್ಟಿ, 1985ರ ‘ಫೆನಾಮಿನಾ’ ಕಾಲದಿಂದ ಜೊತೆಗಿದ್ದವರು. ಬಾಣಸಿಗರು ಅವರೇ, ಪಾತ್ರೆ ಅವೇ, ಸಾರು ಮಾತ್ರ ನೀರು.

ಗೊತ್ತಿಲ್ಲದವರಿಗೆ: 2012ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಸ್ಪರ್ಧೆಯ ಹೊರಗೆ, ಮಧ್ಯರಾತ್ರಿ ಪ್ರದರ್ಶನ. ಉದ್ದ ಸುಮಾರು 110 ನಿಮಿಷ. ಡ್ರಾಕುಲಾ ಆಗಿ ಥಾಮಸ್ ಕ್ರೆಚ್‌ಮನ್, ಮೀನಾ ಆಗಿ ಮಾರ್ತಾ ಗಸ್ತೀನಿ, ಲೂಸಿ ಆಗಿ ನಿರ್ದೇಶಕರ ಮಗಳು ಏಷಿಯಾ, ವ್ಯಾನ್ ಹೆಲ್ಸಿಂಗ್ ಆಗಿ ರಟ್ಗರ್ ಹೌವರ್. ಹೌವರ್ ಬರೋದೇ ಅರ್ಧ ಸಿನಿಮಾ ಕಳೆದ ಮೇಲೆ.

ಕೇಳೋದು ಮೂರು. ಟೊವೊಲಿ ಇದ್ದೂ ಬೆಳಕು ಯಾಕೆ ಹೀಗಾಯ್ತು? ಡ್ರಾಕುಲಾ ದೈತ್ಯ ಮ್ಯಾಂಟಿಸ್ ಹುಳ ಆಗಿ ಬರೋ ಆ ದೃಶ್ಯ ತಾಂತ್ರಿಕವಾಗಿ ಎಲ್ಲಿ ಎಡವಿತು? ನಮ್ಮ ಹಾಲ್‌ನಲ್ಲಿ ತ್ರೀಡಿ ಹಾಕೋದಾ, ಸಾದಾ ಹಾಕೋದಾ? ನಕ್ಕು ಹೋಗುವವರು ನಕ್ಕು ಹೋಗಿ, ಬೇಜಾರಿಲ್ಲ.

ದೇವರಾಜ_ಮಾರ್ಕೆಟ್

ಹುಳ! ಹುಳ! ಅದೊಂದಕ್ಕೇ ಟಿಕೆಟ್ ಇಡಿ ಸಾರ್, ಹಾಲ್ ತುಂಬುತ್ತೆ.

ಕಾರ್ಬನ್‌ಕಡ್ಡಿ

ಬೆಳಕಿನ ಪ್ರಶ್ನೆಗೆ ಮೊದಲು ‘ಸಸ್ಪೀರಿಯಾ’ ಹೇಗೆ ಆಯ್ತು ಅನ್ನೋದು ಗೊತ್ತಿರಬೇಕು.

ಅದರಲ್ಲಿ ಟೊವೊಲಿ ಬಣ್ಣವನ್ನ ದೀಪದ ಮೂತಿಗೆ ಅಂಟಿಸಲಿಲ್ಲ. ದೊಡ್ಡ ದೊಡ್ಡ ಚೌಕಟ್ಟಿಗೆ ಬಣ್ಣದ ವೆಲ್ವೆಟ್ಟು, ತೆಳು ಕಾಗದ ಬಿಗಿದು, ನಟಿಯ ಮುಖಕ್ಕೆ ಎಷ್ಟು ಹತ್ತಿರ ತರಬಹುದೋ ಅಷ್ಟು ಹತ್ತಿರ ತಂದು, ಹಿಂದಿನಿಂದ ಆರ್ಕ್ ಲೈಟು ಬಿಟ್ಟರು. ವೆಲ್ವೆಟ್ಟು ಬೆಳಕನ್ನ ತುಂಬಾ ನುಂಗುತ್ತೆ, ಅದಕ್ಕೇ ಆರ್ಕ್‌ನಷ್ಟು ಜೋರಾದ ದೀಪ ಬೇಕಾಗಿದ್ದು. ಚೌಕಟ್ಟು ಹತ್ತಿರ ಇದ್ದದ್ದರಿಂದ ಮುಖದ ಮೇಲೆ ಕೆಂಪು ಗಾಢವಾಗಿ ಕೂರುತ್ತೆ, ಎರಡು ಹೆಜ್ಜೆ ಹಿಂದಿನ ಗೋಡೆಗೆ ಅದು ತಲುಪಲ್ಲ. ಗೋಡೆಗೆ ಬೇರೆ ದೀಪ, ಬೇರೆ ಬಣ್ಣ. ಒಂದೇ ಕೋಣೆಯಲ್ಲಿ ನೀಲಿ, ಕೆಂಪು, ಹಸಿರು ಒಂದಕ್ಕೊಂದು ಕಲೆಸದೆ ನಿಲ್ಲೋ ಗುಟ್ಟು ಇಷ್ಟೇ: ಬೆಳಕು ದೂರ ಹೋದಂತೆ ಬೇಗ ಕುಂದುತ್ತೆ.

ಅದರ ಮೇಲೆ ಪ್ರಿಂಟು. ನೆಗೆಟಿವ್ ಮಾಮೂಲಿ ಈಸ್ಟ್‌ಮನ್. ಪ್ರಿಂಟ್ ಮಾತ್ರ ರೋಮ್‌ನ ಟೆಕ್ನಿಕಲರ್ ಲ್ಯಾಬಿನ ಹಳೇ ಬಣ್ಣ ಒತ್ತುವ ವಿಧಾನದಲ್ಲಿ. ನೆಗೆಟಿವ್‌ನಿಂದ ಮೂರು ಜೆಲಾಟಿನ್ ಅಚ್ಚು ತೆಗೀತಾರೆ. ಒಂದು ಹಳದಿ, ಒಂದು ಮಜೆಂಟಾ, ಒಂದು ಸಯಾನ್ ಬಣ್ಣ ಕುಡಿಯುತ್ತೆ. ಮೂರನ್ನೂ ಒಂದರ ಮೇಲೊಂದು ಖಾಲಿ ಫಿಲ್ಮಿಗೆ ಒತ್ತಬೇಕು. ಪ್ರತಿ ಅಚ್ಚಿನ ಕಾಂಟ್ರಾಸ್ಟ್ ಬೇರೆ ಬೇರೆ ತಿರುಗಿಸಬಹುದು. ಅಲ್ಲಿನ ಕೆಂಪು ಕಣ್ಣಿಗೆ ಚುಚ್ಚೋದು, ಕಪ್ಪು ಕಾಡಿಗೆ ಹಾಗೆ ಇರೋದು ಅದರಿಂದ.

ಈಗ 2012. ಈ ಸಿನಿಮಾ ಎರಡು ಕಣ್ಣಿಗೂ ಶೂಟಿಂಗ್‌ನಲ್ಲೇ ತೆಗೆದದ್ದು, ಆಮೇಲೆ ಕಂಪ್ಯೂಟರಿನಲ್ಲಿ ತ್ರೀಡಿ ಮಾಡಿದ್ದಲ್ಲ. ಹಾಗೆ ತೆಗೆಯುವಾಗ ಸಾಮಾನ್ಯವಾಗಿ ಬಳಸೋದು ಕನ್ನಡಿ ರಿಗ್. 45 ಡಿಗ್ರಿಯಲ್ಲಿ ಅರೆಗನ್ನಡಿ ನಿಲ್ಲಿಸ್ತಾರೆ, ಒಂದು ಕ್ಯಾಮೆರಾ ಅದರ ಮೂಲಕ ನೋಡುತ್ತೆ, ಇನ್ನೊಂದಕ್ಕೆ ಪ್ರತಿಬಿಂಬ. ಅಲ್ಲೇ ಬೆಳಕು ಅರ್ಧ, ಅಂದರೆ ಒಂದು ಸ್ಟಾಪ್ ಹೋಯ್ತು. ಜೊತೆಗೆ ತ್ರೀಡಿಯಲ್ಲಿ ಹಿನ್ನೆಲೆ ಮಸುಕಾದರೆ ಕಣ್ಣು ಅಲ್ಲಿಗೆ ಹೋಗಿ ಒದ್ದಾಡುತ್ತೆ ಅಂತ ಎಲ್ಲವನ್ನೂ ಫೋಕಸಿನಲ್ಲಿಡುವ ಆಸೆ ಹುಟ್ಟುತ್ತೆ. 2.8ರಿಂದ 5.6ಕ್ಕೆ ಅಪರ್ಚರ್ (ಲೆನ್ಸಿನ ಕಿಂಡಿ) ಮುಚ್ಚಿದರೆ ಇನ್ನೆರಡು ಸ್ಟಾಪ್. ಒಟ್ಟು ಮೂರು ಸ್ಟಾಪ್ ಅಂದರೆ ಎಂಟು ಪಟ್ಟು ಬೆಳಕು ಬೇಕು. ಎಂಟು ಪಟ್ಟು ಬೆಳಕನ್ನ ಚೌಕಟ್ಟು ಕಟ್ಟಿ ಒಂದೊಂದಾಗಿ ಕೂರಿಸೋಕೆ ದಿನ ಬೇಕು, ದುಡ್ಡು ಬೇಕು. ಅವೆರಡೂ ಇಲ್ಲದಾಗ ಮೇಲಿಂದ, ಪಕ್ಕದಿಂದ ಸುರಿಯೋದೇ ದಾರಿ.

ಹಾಗಾಗಿ ಡ್ರಾಕುಲಾನ ಕೋಟೆಯ ಒಳಗೆ ಭಾನುವಾರ ಸಂಜೆ ನಮ್ಮ ಮೈಸೂರು ಅರಮನೆಗೆ ದೀಪ ಹಾಕಿದ ಹಾಗೆ ಬೆಳಕು. ಸುತ್ತಲೂ ಬಲ್ಬು ಇದ್ದರೆ ನೆರಳು ಎಲ್ಲಿಂದ ಬರಬೇಕು? ಅರಮನೆಗೆ ಅದು ಶೋಭೆ. ರಕ್ತ ಹೀರುವವನ ಮನೆಗೆ ಅಲ್ಲ.

ತೊಗಲುಗೊಂಬೆ (ನಾಗಮಂಗಲ)

ಕಾರ್ಬನ್‌ಕಡ್ಡಿಯವರು ಹೇಳಿದ್ದಕ್ಕೆ ಒಂದು ಜೋಡಿಸ್ತೀನಿ. ಆ ಬಣ್ಣ ಯಾಕೆ ಬೇರೆ ಥರ ಕಾಣುತ್ತೆ ಅಂತ ನಮ್ಮ ಕಡೆಯವರಿಗೆ ವಿವರಿಸೋದು ಸುಲಭ. ತೊಗಲುಗೊಂಬೆ ಆಟದಲ್ಲಿ ಚರ್ಮ ಹದ ಮಾಡಿ ತೆಳುವಾಗಿ ಹೆರೆದು ಬಣ್ಣ ಕುಡಿಸ್ತಾರೆ, ಹಿಂದೆ ದೀಪ. ಬಣ್ಣ ಗೊಂಬೆಯ ಮೇಲೆ ಬಿದ್ದದ್ದಲ್ಲ, ಗೊಂಬೆಯ ಒಳಗಿಂದ ಬರುತ್ತೆ. ಗೊಂಬೆ ಪರದೆಗೆ ಒತ್ತಿದ್ದರೆ ಗೆರೆ ಚೂಪು. ಒಂದು ಗೇಣು ಹಿಂದೆ ತಂದರೆ ಮಂಕು. ಬಣ್ಣ ಕುಡಿದ ಪ್ರಿಂಟಿಗೂ ಇದೇ ಗುಣ. ‘ಸಸ್ಪೀರಿಯಾ’ದ ಮೊದಲ ಹದಿನೈದು ನಿಮಿಷ ತೋರಿಸುವಾಗ ಈ ಹೋಲಿಕೆ ಹೇಳಿ, ಹಳ್ಳಿಯಿಂದ ಬಂದವರಿಗೂ ಥಟ್ಟನೆ ಹಿಡಿಯುತ್ತೆ.

ಆ ಸಿನಿಮಾದಲ್ಲಿ ಬಾಗಿಲ ಹಿಡಿಗಳನ್ನ ಗಮನಿಸೋಕೆ ಹೇಳಿ. ಮಾಮೂಲಿಗಿಂತ ಮೇಲಿವೆ, ಹುಡುಗಿಯರು ಕೈ ಎತ್ತಿ ತೆಗೀಬೇಕು. ಪಾತ್ರಗಳು ಚಿಕ್ಕ ಮಕ್ಕಳಾಗಿರಬೇಕು ಅಂತ ಅರ್ಜೆಂಟೊ ಮೊದಲು ಯೋಚಿಸಿದ್ದರು. ಅದು ಆಗಲಿಲ್ಲ, ದೊಡ್ಡವರನ್ನ ಹಾಕಿದರು, ಹಿಡಿಯನ್ನ ಮೇಲಕ್ಕೆ ಏರಿಸಿದರು. ನೋಡುವವರಿಗೆ ಕಾರಣ ಗೊತ್ತಾಗಲ್ಲ, ಏನೋ ಸರಿಯಿಲ್ಲ ಅನ್ನೋದು ಮಾತ್ರ ಮೈಗೆ ಹತ್ತುತ್ತೆ. ಬಡಗಿಗೆ ಕೊಟ್ಟ ಅರ್ಧ ದಿನದ ಕೆಲಸ ಅದು.

‘ಡ್ರಾಕುಲಾ’ದಲ್ಲಿ ಅಂಥದ್ದೊಂದು ಹಿಡಿ ಹುಡುಕಿ ಕೊಡಿ ನೋಡೋಣ.

ಬಾಲ್ಕನಿ_ಟಿಕೆಟ್

ಎಲ್ಲರೂ ಒಂದೇ ಕಡೆ ವಾಲಿದ್ರೆ ಚರ್ಚೆ ಏನು ಬಂತು. ನಾನು ಸ್ವಲ್ಪ ಅವರ ಪರ ಮಾತಾಡ್ತೀನಿ.

ಈ ಸಿನಿಮಾ ಹೆದರಿಸೋಕೆ ಹೊರಟಿಲ್ಲ, 1958ರ ಬ್ರಿಟಿಷ್ ‘ಡ್ರಾಕುಲಾ’ಕ್ಕೆ, ಅರವತ್ತರ ದಶಕದ ಇಟಲಿಯ ಕೋಟೆ-ದೆವ್ವದ ಸಿನಿಮಾಗಳಿಗೆ ನಮಸ್ಕಾರ ಹಾಕ್ತಿದೆ. ಸಿಮೊನೆಟ್ಟಿ ಇಲ್ಲಿ ಥೆರೆಮಿನ್ ಬಳಸಿದ್ದು ಸುಮ್ಮನೆ ಅಲ್ಲ. ಮುಟ್ಟದೆ ನುಡಿಸುವ ವಾದ್ಯ, ಎರಡು ಆಂಟೆನಾ: ಒಂದರ ಹತ್ತಿರ ಕೈ ತಂದರೆ ಸ್ವರ ಏರುತ್ತೆ, ಇನ್ನೊಂದು ಸದ್ದು ಹೆಚ್ಚು ಕಡಿಮೆ ಮಾಡುತ್ತೆ. ಐವತ್ತರ ದಶಕದ ಅಗ್ಗದ ಭಯದ ಸಿನಿಮಾಗಳ ಗುರುತಿನ ದನಿ. ‘ನಾನು ಹಳೇ ಆಟ ಆಡ್ತಿದ್ದೀನಿ’ ಅಂತ ಮೊದಲೇ ಹೇಳಿದ ಹಾಗೆ. ಚಿತ್ರೀಕರಣ ನಡೆದ ಕಾಂಡೆಲೊದ ರಿಚೆಟ್ಟೊ ಉತ್ತರ ಇಟಲಿಯ ಪಿಯೆಮಾಂಟ್‌ನಲ್ಲಿರುವ ನಿಜವಾದ ಮಧ್ಯಯುಗದ ಕೋಟೆಕೇರಿ, ಗುಂಡುಕಲ್ಲಿನ ಗೋಡೆ. ಸೆಟ್ಟಲ್ಲ.

ಕ್ರೆಚ್‌ಮನ್ ಕೂಡ ಕೆಟ್ಟದಾಗಿಲ್ಲ. ಅಲುಗಾಡದೆ ನಿಲ್ಲೋದು ಗೊತ್ತು ಆತನಿಗೆ.

ನಾಳೆಬಾ

ಬಾಲ್ಕನಿಯವರೇ, ನಮಸ್ಕಾರ ಹಾಕಿದ್ದು ಸರಿ. ಆದ್ರೆ ಯಾರಿಗೆ, ಏನಕ್ಕೆ ಅಂತ ನೋಡಿದ್ರೆ ಚಿತ್ರಕಥೆಯ ತೊಂದರೆ ಗೊತ್ತಾಗುತ್ತೆ. ಚಿತ್ರಕಥೆ ಬರೆದವರ ಟೈಟಲ್ ಕಾರ್ಡಿನಲ್ಲಿ ಅರ್ಜೆಂಟೊ ಸೇರಿ ನಾಲ್ಕು ಹೆಸರಿವೆ.

ಬ್ರಾಮ್ ಸ್ಟೋಕರ್ ಕಾದಂಬರಿ 1897ರದ್ದು. ಅದರ ಬಲ ಇರೋದು ಡ್ರಾಕುಲಾ ಎಲ್ಲೋ ದೂರದ ಬೆಟ್ಟದಿಂದ ಹಡಗು ಹತ್ತಿ ಲಂಡನ್ನಿಗೆ, ಅಂದರೆ ಓದುಗನ ಊರಿಗೆ, ಬರೋದರಲ್ಲಿ. 1958ರ ಸಿನಿಮಾ ದುಡ್ಡಿನ ಕಾರಣಕ್ಕೆ ಹಡಗನ್ನೂ ಲಂಡನ್ನನ್ನೂ ಕಿತ್ತು ಹಾಕಿತು, ಡ್ರಾಕುಲಾನ ಕೋಟೆಗೆ ಬರೋ ಹಾರ್ಕರ್‌ನನ್ನ ವಕೀಲನ ಬದಲು ಲೈಬ್ರರಿ ಜೋಡಿಸೋಕೆ ಬಂದವನನ್ನಾಗಿ ಮಾಡಿತು. ಅರ್ಜೆಂಟೊ ಅವೆರಡನ್ನೂ ಹಾಗೇ ಎತ್ತಿಕೊಂಡಿದ್ದಾರೆ. ಆದರೆ 1958ರದ್ದು 82 ನಿಮಿಷ, ಓಟ. ಅದರಲ್ಲಿ ಡ್ರಾಕುಲಾ ಆದ ಕ್ರಿಸ್ಟೊಫರ್ ಲೀ ಮಾತಾಡೋದು ಶುರುವಿನಲ್ಲಿ ಹಾರ್ಕರ್ ಜೊತೆ ಮಾತ್ರ. ಆಮೇಲೆ ಕೊನೇವರೆಗೂ ಒಂದು ಸಾಲೂ ಇಲ್ಲ, ಬರೀ ಬರ್ತಾನೆ, ಹೋಗ್ತಾನೆ. ಇಲ್ಲಿ 110 ನಿಮಿಷ, ಎಲ್ಲರೂ ಕೂತು ನಿಂತು ವಿವರಿಸ್ತಾರೆ. ಊರು ಬದಲಾಗಲ್ಲ, ದೂರ ಅನ್ನೋದು ಇಲ್ಲ, ಹಾಗಾಗಿ ಅಪಾಯ ಹತ್ತಿರ ಬರ್ತಿದೆ ಅನ್ನೋ ಭಾವನೆಯೂ ಇಲ್ಲ. ಆಗಲೇ ಮನೇಲೇ ಇದ್ದಾನಲ್ಲ!

ವಿಚಿತ್ರ ಏನಂದ್ರೆ ಅರ್ಜೆಂಟೊಗೆ ತಮ್ಮದೇ ಒಂದು ಒಳ್ಳೇ ಯೋಚನೆ ಇತ್ತು. ಊರಿನ ಮುಖ್ಯಸ್ಥರು ಕೌಂಟ್ (ಡ್ರಾಕುಲಾ) ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಅವನಿಂದ ಊರಿಗೆ ಲಾಭ, ಬದಲಿಗೆ ಅವರು ಬಾಯಿ ಮುಚ್ಚಿಕೊಂಡಿರಬೇಕು. ಅದು ಭಯ ಹುಟ್ಟಿಸೋ ವಿಷಯ ಕಣ್ರೀ. ಪಿಶಾಚಿಗಿಂತ ಪಿಶಾಚಿಗೆ ಲೆಕ್ಕ ಬರೆಯೋ ಪಂಚಾಯ್ತಿ ಭಯಂಕರ. ಅವರು ಸೇರಿದ ಕಡೆ ಡ್ರಾಕುಲಾ ಬಂದು ಒಬ್ಬೊಬ್ಬರನ್ನೇ ಮುಗಿಸೋ ದೃಶ್ಯ ಇಡೀ ಸಿನಿಮಾದಲ್ಲಿ ಜೀವ ಇರೋ ಜಾಗ. ಅದನ್ನ ಕಟ್ಟೋ ಬದಲು ಗೂಬೆ, ತೋಳ, ಹುಳ ಅಂತ ವೇಷ ಬದಲಾಯಿಸ್ತಾ ಕೂತರು.

ಪಿಶಾಚಿಗೆ ನಿಯಮ ಬೇಕು, ಇಲ್ಲಾಂದ್ರೆ ಆಟ ಇಲ್ಲ. ಸ್ಟೋಕರ್‌ನಲ್ಲಿ ಮನೆಯವರು ಯಾರಾದರೂ ಕರೆಯದೆ ಅವನು ಮೊದಲ ಸಲ ಹೊಸಿಲು ದಾಟುವಂತಿಲ್ಲ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಸುಣ್ಣದಲ್ಲಿ ಬರೆದದ್ದೂ ಅದೇ ತರ್ಕ: ಬರುವವಳು ಓದಬೇಕು, ಓದಿದ್ದನ್ನ ಪಾಲಿಸಬೇಕು, ಮಾರನೇ ದಿನವೂ ಅದೇ ಓದಿ ಹಿಂದೆ ಹೋಗಬೇಕು. ಎರಡಕ್ಷರಕ್ಕೆ ಕಟ್ಟುಬೀಳೋದರಿಂದ್ಲೇ ಆ ದೆವ್ವ ನಂಬೋ ಹಾಗಿದೆ. ಅರ್ಜೆಂಟೊನ ಕೌಂಟ್ ಏನು ಬೇಕಾದರೂ ಆಗ್ತಾನೆ. ಏನು ಬೇಕಾದರೂ ಆಗೋನು ಯಾವಾಗ ಬೇಕಾದರೂ ಗೆಲ್ಲಬಹುದು, ಹಾಗಿದ್ದ ಮೇಲೆ ನಾವು ಉಸಿರು ಹಿಡಿಯೋದು ಯಾತಕ್ಕೆ?

(ಬಿಸಿಲು ತಾಗಿದರೆ ಸಾಯೋದು ಸ್ಟೋಕರ್‌ದಲ್ಲ, 1922ರ ‘ನೊಸ್ಫೆರಾತು’ ತಂದದ್ದು. ಕಾದಂಬರಿಯಲ್ಲಿ ಹಗಲು ಹೊತ್ತು ಓಡಾಡ್ತಾನೆ, ಶಕ್ತಿ ಕುಂದಿರುತ್ತೆ ಅಷ್ಟೇ. ಪ್ರದರ್ಶನದ ಚೀಟಿಯಲ್ಲಿ ಯಾರಾದರೂ ತಪ್ಪು ಬರೆದಾರು ಅಂತ ಹೇಳಿದೆ.)

ದೇವರಾಜ_ಮಾರ್ಕೆಟ್

‘ನಾಳೆ ಬಾ’ದಲ್ಲಿ ಅಕ್ಷರ ಮೂರು ಸ್ವಾಮಿ.

ನಾಳೆಬಾ

ಎರಡು ಪದ, ಮೂರಕ್ಷರ. ಒಪ್ಪಿದೆ.

ಕೀಫ್ರೇಮ್

ಹುಳಕ್ಕೆ ಬರೋಣ. ಮ್ಯಾಂಟಿಸ್ ಅಂದರೆ ಗದ್ದೆ ಬದುವಿನಲ್ಲಿ ಮುಂಗಾಲು ಜೋಡಿಸಿ ಕೈಮುಗಿದ ಹಾಗೆ ನಿಲ್ಲುತ್ತಲ್ಲ, ಆ ಹಸಿರು ಹುಳ. ಸಿನಿಮಾದಲ್ಲಿ ಅದು ಆಳೆತ್ತರಕ್ಕಿಂತ ದೊಡ್ಡದಾಗಿ ಮನೆಯೊಳಗೆ ಮೆಟ್ಟಿಲ ಬಳಿ ಬರುತ್ತೆ. ಜನ ನಗ್ತಾರೆ. ‘ಗ್ರಾಫಿಕ್ಸ್ ಸರಿಯಿಲ್ಲ’ ಅನ್ನೋದು ಉತ್ತರ ಅಲ್ಲ. ಏನು ಸರಿಯಿಲ್ಲ ಅಂತ ಬಿಡಿಸಿ ಹೇಳ್ತೀನಿ.

ಮೊದಲು ಭಾರ. ನಿಜವಾದ ಹುಳ 8 ಸೆಂಟಿಮೀಟರ್ ಅಂದ್ಕೊಳ್ಳಿ. ಅದನ್ನ 2 ಮೀಟರ್ ಮಾಡಿದರೆ 25 ಪಟ್ಟು. ಉದ್ದ 25 ಪಟ್ಟಾದರೆ ತೂಕ 25ರ ಘನ, 15,625 ಪಟ್ಟು. ಕಾಲಿನ ಅಡ್ಡಕೊಯ್ತ ಬೆಳೆಯೋದು 625 ಪಟ್ಟು ಮಾತ್ರ. ಅಂಥ ಪ್ರಾಣಿ ನಿಂತರೆ ಮೆಟ್ಟಿಲು ಕಿರುಗುಟ್ಟಬೇಕು, ಕಾಲು ಊರಿದ ಮೇಲೆ ದೇಹ ಒಂದು ಚೂರು ಕುಸಿದು ಎದ್ದುಕೊಳ್ಳಬೇಕು. ಚಲನೆಯ ವೇಗಕ್ಕೂ ಲೆಕ್ಕ ಇದೆ, ಹಳೇ ಮಿನಿಯೇಚರ್ ಕೆಲಸದವರು ಬಳಸ್ತಿದ್ದದ್ದೇ: ಅಳತೆಯ ವರ್ಗಮೂಲ. 25ರ ವರ್ಗಮೂಲ 5, ಅಂದರೆ ಅಲುಗಾಟ ಐದು ಪಟ್ಟು ನಿಧಾನ ಆಗಬೇಕು. (1/16 ಅಳತೆಯ ಕೋಟೆ ಮಾದರಿ ಕುಸಿಯೋದನ್ನ ಸೆಕೆಂಡಿಗೆ 96 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸೋದು ಇದೇ ಲೆಕ್ಕಕ್ಕೆ.) ಈ ಲೆಕ್ಕ ತಪ್ಪಿದರೆ ಎಷ್ಟೇ ದೊಡ್ಡದಾಗಿ ತೋರಿಸಿದರೂ ಕಣ್ಣು ‘ಪುಟ್ಟ ಹುಳ, ಹತ್ತಿರದಿಂದ ತೆಗೆದಿದ್ದಾರೆ’ ಅಂತಲೇ ಓದುತ್ತೆ.

ಆಮೇಲೆ ನೆಲ. ಕಾಲು ನೆಲಕ್ಕೆ ತಾಗುವ ಕಡೆ ತೆಳ್ಳಗೆ, ಗಾಢವಾಗಿ ಒಂದು ನೆರಳು ಬೀಳುತ್ತೆ. ಕೈಬೆರಳನ್ನ ಮೇಜಿನ ಮೇಲಿಟ್ಟು ನೋಡಿ, ಉಗುರಿನ ಕೆಳಗೆ ಕಪ್ಪು ಗೆರೆ ಕಾಣುತ್ತೆ. ಅದಿಲ್ಲದಿದ್ದರೆ ವಸ್ತು ತೇಲುತ್ತೆ. ಜೊತೆಗೆ ಹಸಿರು ಮೈಯಿಂದ ಹಸಿರು ಪಕ್ಕದ ಗೋಡೆಗೆ ಸ್ವಲ್ಪ ಹತ್ತಬೇಕು, ಗೋಡೆಯ ಬಣ್ಣ ಹುಳದ ಹೊಟ್ಟೆಗೆ ಹತ್ತಬೇಕು. ಸೆಟ್ಟಿನಲ್ಲೇ ಒಂದು ಹಸಿರು ದೀಪ ಸರಿಸಿದ್ದರೆ ಅರ್ಧ ಕೆಲಸ ಅಲ್ಲೇ ಮುಗೀತಿತ್ತು, ಕಂಪ್ಯೂಟರಿಗೆ ಬರುವ ಮೊದಲೇ.

ಈಗ ತ್ರೀಡಿ ಹೊಡೆತ. ಸಾದಾ ಸಿನಿಮಾದಲ್ಲಿ ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಎರಡು ಕಣ್ಣಿಗೆ 240. ನಟನ ಅಂಚು ಕತ್ತರಿಸುವ ರೋಟೊ ಕೆಲಸ ಎರಡು ಸಲ. ಎಡಗಣ್ಣಿನ ಅಂಚಿಗೂ ಬಲಗಣ್ಣಿನ ಅಂಚಿಗೂ ಒಂದೆರಡು ಪಿಕ್ಸೆಲ್ ತಪ್ಪಾದರೆ ಸಾದಾದಲ್ಲಿ ಗೊತ್ತೂ ಆಗಲ್ಲ, ತ್ರೀಡಿಯಲ್ಲಿ ಆ ಅಂಚು ಮುಖದ ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತೆ. ರಕ್ತ ಚಿಮ್ಮೋದನ್ನ ಕಂಪ್ಯೂಟರಿನಲ್ಲಿ ಸೇರಿಸಿದರೂ ಇದೇ ಗೋಳು: ಹನಿ ಕುತ್ತಿಗೆಯಿಂದ ಹೊರಟ ಹಾಗಿರಲ್ಲ, ಕುತ್ತಿಗೆಗೂ ನಮಗೂ ನಡುವೆ ಗಾಜಿನ ಮೇಲೆ ಚೆಲ್ಲಿದ ಹಾಗಿರುತ್ತೆ. ಕಡಿಮೆ ದುಡ್ಡಿನ ಸಿನಿಮಾ ತ್ರೀಡಿಯನ್ನೂ ಗ್ರಾಫಿಕ್ಸನ್ನೂ ಒಟ್ಟಿಗೆ ಕಟ್ಟಿಕೊಂಡರೆ ಇರೋ ದುಡ್ಡನ್ನ ಎರಡರಿಂದ ಭಾಗಿಸಿದ ಹಾಗೆ.

ಅರ್ಜೆಂಟೊಗೆ ಕಂಪ್ಯೂಟರ್ ಹೊಸದೇನಲ್ಲ. ಇಟಲಿಯಲ್ಲಿ ಮೊದಲು ಕಂಪ್ಯೂಟರ್ ಗ್ರಾಫಿಕ್ಸ್ ಬಳಸಿದ ಸಿನಿಮಾ ಅಂತ ಹೆಸರಾದದ್ದು ಅವರದೇ 1996ರ ‘ದಿ ಸ್ಟೆಂಡಾಲ್ ಸಿಂಡ್ರೋಮ್’.

ಸಕ್ಕರೆಸೀಮೆ (ಮಂಡ್ಯ)

ಕೀಫ್ರೇಮ್ ಸಾರು ಸರಿಯಾಗ್ ಯೋಳವ್ರೆ. ರಕ್ತದ್ ಬಗ್ಗೆ ನಾನೊಸಿ ಯೋಳ್ತೀನಿ. ನಾಟ್ಕದವ್ರು, ಕಿರುಚಿತ್ರದವ್ರು ಇಲ್ಲಿ ಓದ್ತಾವ್ರೆ, ಉಪಯೋಗಕ್ ಬತ್ತದೆ.

‘ಡೀಪ್ ರೆಡ್’ನಾಗೆ ರಕ್ತ ನಿಜವಾದ್ ರಕ್ತದಂಗಿಲ್ಲ, ಪೇಂಟಿನಂಗದೆ. ಅದು ತಪ್ಪಲ್ಲ, ಬೇಕಂತಲೇ. ನಿಜವಾದ್ ರಕ್ತ ಹೊರಕ್ ಬಂದ್ ಸ್ವಲ್ಪ ಹೊತ್ಗೆ ಕಂದಾಯ್ತದೆ, ಕ್ಯಾಮೆರಾಗೆ ಕಪ್ ಮಸಿ ಕಂಡಂಗ್ ಕಾಣ್ತದೆ.

ಅಳ್ತೆ ಹಿಂಗ್ ಮಾಡ್ಕಳಿ: ಬೇಕರಿ ಸಾಮಾನಿನ್ ಅಂಗ್ಡೀಲಿ ಸಿಗೋ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೇಜಿ, ಬಿಸಿನೀರು 150 ಎಮ್ಮೆಲ್, ತಿನ್ನೋ ಕೆಂಪ್ ಬಣ್ಣದ್ ಪುಡಿ ಒಂದೂವರೆ ಟೀ ಚಮಚ, ಜರಡಿ ಹಿಡ್ದ ಕೋಕೋ ಪುಡಿ ಒಂದ್ ದೊಡ್ ಚಮಚ. ಕೋಕೋನ ಮೊದ್ಲು ನೀರ್ನಲ್ಲೇ ಗಂಟಿಲ್ದಂಗೆ ಕಲ್ಸಿ ಆಮೇಲೆ ಗ್ಲೂಕೋಸ್ ಹಾಕಿ. ತಿರುಗ್ಸಿ ಹಾಕುದ್ರೆ ಗಂಟು ಕರ್ಗಾಕಿಲ್ಲ, ಬಿಳೀ ಅಂಗಿ ಮ್ಯಾಲೆ ಕಪ್ ಚುಕ್ಕಿ ಕೂತ್ಕತದೆ. ಅರ್ಜೆಂಟೊ ಥರ ಬೇಕಾ? ಕೋಕೋ ಕಾಲ್ ಭಾಗಕ್ ಇಳ್ಸಿ, ಎರಡ್ ಚಮಚ ಕಾರ್ನ್‌ಫ್ಲೋರ್ ಬೆರ್ಸಿ. ಆಗ ಬೆಳ್ಕು ಒಳಕ್ ಹೋಗಲ್ಲ, ಮ್ಯಾಲೇ ನಿಂತು ಪೇಂಟಂಗೆ ಹೊಳೀತದೆ.

ನಮ್ ಸೀಮೇಲಿ ಎಲ್ರೂ ಮಾಡೋ ತಪ್ಪು ಗ್ಲೂಕೋಸ್ ಬದ್ಲು ಸಕ್ಕರೆ ಪಾಕ ಹಾಕಾದು. ಪಾಕ ಆರ್ತಿದ್ದಂಗೆ ಹರಳ್ ಕಟ್ತದೆ, ಗಾಯದ್ ಮ್ಯಾಲೆ ಕಲ್ಲುಸಕ್ಕರೆ ಅಂಟ್ಸಿದಂಗ್ ಕಾಣ್ತದೆ. ಪಾಕಾನೇ ಗತಿ ಅಂದ್ರೆ ಕುದಿಯೋವಾಗ ಕೇಜಿಗೊಂದ್ ಅರ್ಧ ನಿಂಬೆಹಣ್ ಹಿಂಡಿ, ಹುಳಿ ಸಕ್ಕರೆನ ಒಡೀತದೆ, ಹರಳ್ ಕಟ್ಟಾದು ಕಮ್ಮಿ ಆಯ್ತದೆ. ಬಟ್ಟೆ ನೆಂದಿದ್ರೆ ಬಣ್ಣ ಹಬ್ಬಿ ಗುಲಾಬಿ ಆಯ್ತದೆ, ಒಣಗಿದ್ ಬಟ್ಟೆ ಮ್ಯಾಲೇ ಹಾಕಿ. ಎಲ್ಇಡಿ ಲೈಟ್ ಕೆಳ್ಗೆ ಮೊದ್ಲು ಒಂದ್ ಶಾಟ್ ತಗ್ದು ನೋಡಿ, ಅಗ್ಗದ್ ಎಲ್ಇಡೀಲಿ ಕೆಂಪು ಸತ್ತೋಗ್ತದೆ.

ಎಫೆಕ್ಟಿನ್ ವಿಸ್ಯ ಅಂದ್ರೆ ಇಷ್ಟೆಯ: ನಿಜವಾದ್ ದ್ರವ ಹರಿಯೋವಾಗ ನಟ ಬೆಚ್ಚಿ ಬೀಳ್ತಾನೆ, ಅಂಗಿ ಭಾರ ಆಗಿ ಜೋತ್ಬೀಳ್ತದೆ. ಆಮೇಲ್ ಬರ್ದ್ ರಕ್ತಕ್ಕೆ ಅಂಗಿ ಭಾರ ಆಗಾಕಿಲ್ಲ.

ಇರುವೆ ಬತ್ತವೆ. ಅದುಕ್ ಮದ್ದಿಲ್ಲ.

ರೀಲುಡಬ್ಬಿ

ಸಕ್ಕರೆಸೀಮೆ ಅಣ್ಣಾ, ‘ಅಂಗಿ ಭಾರ ಆಗಾಕಿಲ್ಲ’ ಅನ್ನೋದು ನನಗೆ ಬೇಕಾಗಿದ್ದ ಮಾತು. ಚರ್ಚೆಯಲ್ಲಿ ಬಂದ ಎಲ್ಲವೂ ಸುತ್ತಿ ಅಲ್ಲಿಗೇ ಬರ್ತಿದೆ. ಚಿಕ್ಕ ದುಡ್ಡಿನ ಕಾಲದಲ್ಲೂ ಅರ್ಜೆಂಟೊ ಕ್ಯಾಮೆರಾ ಮುಂದೆ ಏನೋ ಒಂದು ನಿಲ್ಲಿಸ್ತಿದ್ದರು. ‘ಡೀಪ್ ರೆಡ್’ನಲ್ಲಿ ಕೊಲೆಗಾರನ ಕೈಗವಸಿನ ಕೈ ಅವರದೇ. ‘ಸಸ್ಪೀರಿಯಾ’ಕ್ಕೆ ಸಂಗೀತ ಮೊದಲೇ ಮಾಡಿಸಿ ಸೆಟ್ಟಿನಲ್ಲಿ ಜೋರಾಗಿ ಹಾಕ್ತಿದ್ದರು, ನಟಿಯರ ಗಾಬರಿಗೆ ಅದೂ ಕಾರಣ. ‘ಟೆನೆಬ್ರೆ’ (1982) ನೋಡಿ, ಅದೂ ಟೊವೊಲಿಯದೇ: ಲೂಮಾ ಕ್ರೇನಿನ ಮೇಲೆ ಕ್ಯಾಮೆರಾ ಒಂದು ಮನೆಯ ಕಿಟಕಿಯಿಂದ ಹೊರಟು ಗೋಡೆ ಹತ್ತಿ, ಹೆಂಚು ದಾಟಿ, ಆ ಕಡೆ ಇಳಿಯುತ್ತೆ. ಸುಮಾರು ಎರಡೂವರೆ ನಿಮಿಷ, ಕತ್ತರಿ ಇಲ್ಲ. ಕಥೆಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ, ಆದರೂ ಕುರ್ಚಿ ಬಿಟ್ಟು ಏಳಕ್ಕಾಗಲ್ಲ.

2012ರಲ್ಲಿ ‘ಆಮೇಲೆ ಹಾಕ್ಕೊಳ್ಳೋಣ’ ಅನ್ನೋದು ಬಂತು. ಕೆಟ್ಟಿದ್ದು ಅಲ್ಲಿ ಅಂತ ನನ್ನ ಲೆಕ್ಕ. ವಯಸ್ಸಲ್ಲ, ಹುಳವೂ ಅಲ್ಲ.

ಬಾಲ್ಕನಿ_ಟಿಕೆಟ್

ಇದಕ್ಕೆ ತಲೆ ಬಾಗ್ತೀನಿ, ನನ್ನದೇ ಪಕ್ಷಕ್ಕೆ ವಿರುದ್ಧವಾದರೂ. 1992ರಲ್ಲಿ ಹಾಲಿವುಡ್‌ನ ಕೊಪ್ಪೊಲಾ ‘ಡ್ರಾಕುಲಾ’ ಮಾಡಿದಾಗ ಕಂಪ್ಯೂಟರ್ ಬೇಡ ಅಂತ ಹಟ ಹಿಡಿದು ಮಗ ರೋಮನ್‌ಗೆ ಎಫೆಕ್ಟು ವಹಿಸಿದರು. ಹಳೇ ಮಂಕುಬೂದಿ ಆಟಗಳು: ಡಬಲ್ ಎಕ್ಸ್‌ಪೋಶರ್, ಕನ್ನಡಿ, ಹಿಂದುಮುಂದು ಓಡಿಸೋದು. ಲೂಸಿ ಶವಪೆಟ್ಟಿಗೆಗೆ ವಾಪಸ್ ಹೋಗೋ ದೃಶ್ಯದಲ್ಲಿ ನಟಿ ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನ ತೆಗೆದು ಉಲ್ಟಾ ಓಡಿಸಿದ್ದಾರೆ. ಖರ್ಚಿಲ್ಲದ ಉಪಾಯ, ಮೈ ಜುಂ ಅನ್ನುತ್ತೆ. ಸೆರಗು ಬೀಳೋ ರೀತಿ ಒಂದೇ ಸಾಕು.

ಕೊಪ್ಪೊಲಾ ಹತ್ರ ದುಡ್ಡಿತ್ತು ಅಂತೀರಾ? ಹಿಂದಿಯಲ್ಲಿ ಅಗ್ಗದ ದೆವ್ವದ ಸಿನಿಮಾ ಮಾಡ್ತಿದ್ದ ರಾಮ್ಸೆ ಸೋದರರ ‘ಬಂದ್ ದರ್ವಾಜಾ’ (1990) ನೋಡಿ. ಹೊಗೆ, ನೀಲಿ ದೀಪ, ಅನಿರುದ್ಧ್ ಅಗರ್‌ವಾಲ್ ಅನ್ನೋ ತುಂಬಾ ಎತ್ತರದ ನಟ. ಆತ ಬಾಗಿಲಲ್ಲಿ ನಿಂತರೆ ತಲೆ ಬಾಗಿಲ ಪಟ್ಟಿಗೆ ತಾಗುತ್ತೆ. ಗ್ರಾಫಿಕ್ಸ್ ಎಲ್ಲಿ ಬೇಕು?

ತೊಗಲುಗೊಂಬೆ (ನಾಗಮಂಗಲ)

ಅದೇ 2012ರಲ್ಲಿ ಕನ್ನಡದ ‘ಕಠಾರಿವೀರ ಸುರಸುಂದರಾಂಗಿ’ಯೂ ತ್ರೀಡಿಯಲ್ಲಿ ಬಂತು, ನಮ್ಮ ಅಂಬರೀಷ್ ಯಮ. ಯಮಲೋಕದಲ್ಲಿ ಎಷ್ಟು ಬೆಳಕಿದ್ದರೂ ನಡೆಯುತ್ತೆ, ಅದು ದರ್ಬಾರು. ಹೆಚ್ಚು ಬೆಳಕು ಕೇಳೋ ತಂತ್ರಕ್ಕೆ ಬೆಳಕಿನ ಕಥೆ. ಅರ್ಜೆಂಟೊ ಕತ್ತಲ ಕಥೆಗೆ ಅದನ್ನ ತಂದರು.

ಕಾರ್ಬನ್‌ಕಡ್ಡಿ

ಮೂರನೇ ಪ್ರಶ್ನೆಗೆ ಉತ್ತರ: ಸಾದಾ ಹಾಕಿ. ಕಾರಣ ಲೆಕ್ಕದಲ್ಲೇ ಇದೆ.

ಚಿತ್ರಮಂದಿರದಲ್ಲಿ ಸಾದಾ ಸಿನಿಮಾಕ್ಕೆ ಪರದೆಯ ಮೇಲೆ ಇರಬೇಕಾದ ಬೆಳಕು 14 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ). ತ್ರೀಡಿಗೆ ಕನ್ನಡಕದ ಹಿಂದೆ 4.5 ಸಿಕ್ಕರೂ ಪಾಸು ಅಂತಾರೆ, ಮೂರನೇ ಒಂದು ಭಾಗ. ನಿಮ್ಮದು 2500 ಲೂಮೆನ್ ಪ್ರೊಜೆಕ್ಟರ್ ಅಂದ್ಕೊಳ್ಳೋಣ. ‘ಸಿನಿಮಾ’ ಮೋಡ್‌ಗೆ ಹಾಕಿದರೆ ಅದರಲ್ಲಿ ಅರ್ಧ, 1250. ಪರದೆ 10 ಅಡಿ ಅಗಲ, 16:9 ಅಂದರೆ ಎತ್ತರ 5.6 ಅಡಿ, ಒಟ್ಟು 56 ಚದರಡಿ. 1250 ಭಾಗಿಸು 56, ಸುಮಾರು 22. ಸಾದಾಕ್ಕೆ ಧಾರಾಳ. ಶಟರ್ ಕನ್ನಡಕ ಹಾಕಿದರೆ ಕಣ್ಣಿಗೆ ತಲುಪೋದು ಐದನೇ ಒಂದು ಭಾಗ ಅಂತ ಹಿಡಿಯಿರಿ, 4.4. ಕತ್ತಲ ದೃಶ್ಯದಲ್ಲಿ ಕ್ರೆಚ್‌ಮನ್ನಿನ ಕೋಟು ಯಾವುದು, ಹಿಂದಿನ ಗೋಡೆ ಯಾವುದು ಗೊತ್ತಾಗಲ್ಲ.

ಅದೂ ಅಲ್ಲದೆ ನಲವತ್ತು ಕನ್ನಡಕ ಎಲ್ಲಿಂದ ತರ್ತೀರಿ? ಮಲ್ಟಿಪ್ಲೆಕ್ಸಿನಿಂದ ತಂದಿಟ್ಟ ಪೋಲರೈಸ್ಡ್ ಕನ್ನಡಕ ಇಲ್ಲಿ ನಡೆಯಲ್ಲ. ಅದಕ್ಕೆ ಬೆಳ್ಳಿ ಪರದೆ ಬೇಕು, ಬಿಳಿ ಪರದೆಗೆ ಬಿದ್ದ ಬೆಳಕು ಪೋಲರೈಸೇಶನ್ ಕಳ್ಕೊಳ್ಳುತ್ತೆ, ಎರಡು ಚಿತ್ರವೂ ಎರಡು ಕಣ್ಣಿಗೂ ಕಾಣುತ್ತೆ. ಡಿಎಲ್‌ಪಿ ಪ್ರೊಜೆಕ್ಟರಿಗೆ ಬ್ಯಾಟರಿ ಇರೋ ಶಟರ್ ಕನ್ನಡಕವೇ ಆಗಬೇಕು. ಕೆಂಪು-ನೀಲಿ ಕಾಗದದ ಕನ್ನಡಕದ ಮಾತಂತೂ ಎತ್ತಬೇಡಿ. ರಕ್ತದ ಸಿನಿಮಾಕ್ಕೆ ಒಂದು ಕಣ್ಣಿಂದ ಕೆಂಪನ್ನೇ ಕಿತ್ತು ಹಾಕೋ ಕನ್ನಡಕ!

ಸಾದಾ ಹಾಕಿದರೆ ಇನ್ನೊಂದು ಲಾಭ. ಪರದೆಯಿಂದ ಹೊರಗೆ ಚಾಚೋ ವಸ್ತು ಚೌಕಟ್ಟಿನ ಅಂಚಿಗೆ ತಾಗಿ ಕತ್ತರಿಸಿ ಹೋದಾಗ ತ್ರೀಡಿಯಲ್ಲಿ ತಲೆನೋವು ಬರುತ್ತೆ. ಮುಂದಿದೆ ಅಂತ ಎರಡೂ ಕಣ್ಣು, ಹಿಂದಿದೆ ಅಂತ ಅಂಚು. ಆ ಜಗಳ ತಪ್ಪುತ್ತೆ.

‘ಸಸ್ಪೀರಿಯಾ’ಕ್ಕೆ ಹೇಳೋದು ಒಂದೇ: ಟೊವೊಲಿ ಒಪ್ಪಿಗೆಯ, 2017ರಲ್ಲಿ ಬಂದ 4ಕೆ ಪುನರುಜ್ಜೀವನದ ಡಿಸ್ಕೇ ತನ್ನಿ. ಹಳೇ ಡಿಸ್ಕುಗಳಲ್ಲಿ ಕಾಂಟ್ರಾಸ್ಟ್ ಏರಿಸಿ ಮುಖವೆಲ್ಲ ಸುಟ್ಟ ಹಾಗಿದೆ. ಪ್ರೊಜೆಕ್ಟರಿನಲ್ಲಿ ಮೋಶನ್ ಸ್ಮೂದಿಂಗ್ ಆರಿಸಿ, ಬಣ್ಣದ ತಾಪ ‘ವಾರ್ಮ್’ಗೆ ಇಡಿ, ‘ಡೈನಾಮಿಕ್’ ಅನ್ನೋ ಮೋಡಿನ ಹತ್ತಿರ ಸುಳಿಯಬೇಡಿ. ಡಿಸ್ಕಿದ್ದರೆ ಸಾರ್ವಜನಿಕವಾಗಿ ತೋರಿಸೋ ಹಕ್ಕು ಬರಲ್ಲ, ಹಕ್ಕುದಾರರಿಗೆ ಈಗಲೇ ಬರೆಯಿರಿ.

ನಾಳೆಬಾ

ತುಟಿಗೂ ಮಾತಿಗೂ ಹೊಂದಲ್ಲ ಅಂತ ಯಾರಾದರೂ ಎದ್ದು ನಿಂತರೆ ಉತ್ತರ ಸಿದ್ಧ ಇರಲಿ. ಆ ಕಾಲದ ಇಟಲಿಯಲ್ಲಿ ಹೆಚ್ಚಿನ ಸಿನಿಮಾಕ್ಕೆ ಮಾತು ಆಮೇಲೆ ಸೇರಿಸೋದೇ ಪದ್ಧತಿ, ‘ಸಸ್ಪೀರಿಯಾ’ದಲ್ಲಿ ನಟರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿದ್ದಾರೆ.

ರೀಲುಡಬ್ಬಿ

ಸರಿ, ಹೀಗೆ ಮಾಡ್ತೀವಿ. ಮೂರನೇ ಶನಿವಾರ ಪೂರ್ತಿ ‘ಡ್ರಾಕುಲಾ’, ಸಾದಾದಲ್ಲಿ. ಅದಕ್ಕೆ ಮುಂಚೆ ‘ಟೆನೆಬ್ರೆ’ಯ ಆ ಎರಡೂವರೆ ನಿಮಿಷ, ಕೊಪ್ಪೊಲಾದ ಶವಪೆಟ್ಟಿಗೆ ದೃಶ್ಯ, ಎರಡನ್ನೂ ಮಾತಿಲ್ಲದೆ. ಹುಳ ಬಂದಾಗ ನಗಬೇಡಿ ಅಂತ ಯಾರಿಗೂ ಹೇಳಲ್ಲ.

ಕನ್ನಡಕಕ್ಕೆ ಎತ್ತಿಟ್ಟ ದುಡ್ಡು ಉಳೀತು. ಹಾಲ್ ಗೋಡೆ, ಸೂರು ಎರಡೂ ಅಚ್ಚ ಬಿಳಿ. ಏನಾದ್ರೂ ಮಾಡಬೇಕಾ?

ಕಾರ್ಬನ್‌ಕಡ್ಡಿ

ಮಾಡಲೇಬೇಕು. ಪರದೆಯ ಬೆಳಕು ಬಿಳಿ ಗೋಡೆಗೆ ಹೊಡೆದು ವಾಪಸ್ ಪರದೆಗೇ ಬೀಳುತ್ತೆ, ಕಪ್ಪು ಬೂದಿಯಾಗುತ್ತೆ. ಹಾಲ್ ಪೂರ್ತಿ ಮುಚ್ಚೋದು ಬೇಡ, ಪರದೆಯಿಂದ ಮೊದಲ 6 ಅಡಿ ಸಾಕು. ಎರಡು ಪಕ್ಕದ ಗೋಡೆ, ತಲಾ 6 ಅಡಿ ಅಗಲ 10 ಅಡಿ ಎತ್ತರ. ಸೂರಿಗೆ 6 ಅಡಿಯ ಪಟ್ಟಿ, ಹಾಲಿನ ಅಗಲ ಎಷ್ಟೋ ಅಷ್ಟುದ್ದ. ಹೊಳೆಯೋ ಸ್ಯಾಟಿನ್ ತರಬೇಡಿ, ಮಂಕಾದ ದಪ್ಪ ಹತ್ತಿ ಇಲ್ಲ ವೆಲ್ವೆಟ್ಟು. ಕಪ್ಪೇ ಆಗಲಿ, ಕಡು ನೀಲಿ ಅಲ್ಲ.

ಸಕ್ಕರೆಸೀಮೆ (ಮಂಡ್ಯ)

ಸಾಮಿಯಾನದವ್ರ ಹತ್ರ ಕೇಳಿ, ನಾಟ್ಕದ್ ಕಪ್ ಪರದೆ ಬಾಡ್ಗೆಗ್ ಸಿಕ್ತದೆ. ಕಟ್ಟೋಕ್ ಮುಂಚೆ ಜಾಡ್ಸಿ, ಧೂಳು ಪ್ರೊಜೆಕ್ಟರ್ ಬೆಳ್ಕಲ್ಲಿ ಹಾರಾಡ್ತದೆ.

ದೇವರಾಜ_ಮಾರ್ಕೆಟ್

ಹಾರಾಡ್ಲಿ ಬಿಡಿ ಅಣ್ಣ. ಅದಾದ್ರೂ ನಿಜವಾದ ತ್ರೀಡಿ.